ಆರಾಮ ಅದೀರೇನ್ರಿ? – ಮನಸ್ಸಿನ ಆರೋಗ್ಯವನ್ನು ನಾವೇ ಗುರುತಿಸಿಕೊಳ್ಳುವುದು ಹೇಗೆ

ರೋಣದ ಬಸ್ ನಿಲ್ದಾಣದಲ್ಲಾಗಲಿ, ನರಗುಂದದ ಸಂತೆಯಲ್ಲಾಗಲಿ, ಗಜೇಂದ್ರಗಡದ ನೇಕಾರರ ಓಣಿಯಲ್ಲಾಗಲಿ ಪರಿಚಯದವರು ಎದುರಾದರೆ ಮೊದಲು ಬರುವ ಮಾತು ಒಂದೇ: “ಆರಾಮ ಅದೀರೇನ್ರಿ?” ಉತ್ತರವೂ ಸಿದ್ಧವಾಗಿಯೇ ಇರುತ್ತದೆ: “ಹೂಂನ್ರಿ, ಆರಾಮ.” ಕೇಳಿದವರು ಯೋಚಿಸಿ ಕೇಳಿರುವುದಿಲ್ಲ, ಹೇಳಿದವರು ಪರೀಕ್ಷಿಸಿ ಹೇಳಿರುವುದಿಲ್ಲ. ಜ್ವರ ಬಂದಿದ್ದರೆ, ಮೊಣಕಾಲು ನೋಯುತ್ತಿದ್ದರೆ “ಮೈಯಾಗ ಆರಾಮ ಇಲ್ರಿ” ಎನ್ನುತ್ತೇವೆ. ಮನಸ್ಸಿನ ವಿಷಯಕ್ಕೆ ಬಂದಾಗ ಮಾತ್ರ ನಿಜ ಹೇಳಬೇಕೆಂದರೂ ಏನನ್ನು ನೋಡಿ ಹೇಳಬೇಕೆಂಬುದು ನಮ್ಮಲ್ಲಿ ಬಹಳ ಜನಕ್ಕೆ ತಿಳಿದಿಲ್ಲ.

ದೇಹದ ತಾಪಕ್ಕೆ ಥರ್ಮಾಮೀಟರ್ ಇದೆ. ರಕ್ತದ ಒತ್ತಡಕ್ಕೆ ಉಪಕರಣವಿದೆ. ಮನಸ್ಸಿನ ಆರೋಗ್ಯಕ್ಕೆ ಅಂಥ ಅಳತೆ ಸಾಧ್ಯವೇ? ಭೌತಶಾಸ್ತ್ರದ ಅಧ್ಯಾಪಕನಾದ ನಾನು ಈ ಪ್ರಶ್ನೆಯನ್ನು ಗಂಭೀರವಾಗಿ ಕೇಳಿಕೊಂಡದ್ದು ಒಂದು ಸಣ್ಣ ಪ್ರಸಂಗದ ನಂತರ.

ಕೆಲವು ವರ್ಷಗಳ ಹಿಂದಿನ ಮಾತು. ನನ್ನ ತಾಯಿ ತೀರಿಕೊಂಡು ಮೂರು ತಿಂಗಳಾಗಿತ್ತು. ತರಗತಿಗಳನ್ನು ತಪ್ಪಿಸಿರಲಿಲ್ಲ, ಪಠ್ಯಕ್ರಮ ಹಿಂದೆ ಬಿದ್ದಿರಲಿಲ್ಲ. ಯಾರು ಕೇಳಿದರೂ “ಆರಾಮ” ಎನ್ನುತ್ತಿದ್ದೆ, ಹಾಗೆಂದೇ ನಂಬಿದ್ದೆ. ಒಂದು ಮಧ್ಯಾಹ್ನ ಪ್ರಯೋಗಾಲಯದ ಸಹಾಯಕರು ಸಂಕೋಚದಿಂದ ಹೇಳಿದರು: “ಸರ್, ಎರಡ್ಮೂರು ತಿಂಗಳಾತ್ರಿ, ನೀವು ಒಂದ ಸಾಮಾನೂ ಕೇಳಿಲ್ರಿ. ಬರೇ ಬೋರ್ಡಿನ ಮ್ಯಾಲೆ ಬರದು ಹೊಂಟಬಿಡ್ತೀರಿ.” ನಾನು ನಂಬಲಿಲ್ಲ. ಉಪಕರಣ ನೀಡುವ ರಿಜಿಸ್ಟರ್ ತೆಗೆಸಿ ನೋಡಿದೆ. ವಾರಕ್ಕೆ ಎರಡು ಬಾರಿಯಾದರೂ ಇರುತ್ತಿದ್ದ ನನ್ನ ಸಹಿ ಹನ್ನೊಂದು ವಾರಗಳಿಂದ ಒಮ್ಮೆಯೂ ಇರಲಿಲ್ಲ. ಪ್ರಯೋಗ ಮಾಡಿ ತೋರಿಸುವುದೇ ನನಗೆ ಪಾಠದ ಸಂತೋಷವಾಗಿತ್ತು. ಆ ಸಂತೋಷ ಹೋಗಿದ್ದು ನನಗೆ ತಿಳಿದಿರಲಿಲ್ಲ, ರಿಜಿಸ್ಟರಿಗೆ ತಿಳಿದಿತ್ತು. ಆರೋಗ್ಯದ ಗುರುತುಗಳನ್ನು ಮೊದಲೇ ಅರಿತಿದ್ದರೆ ಅವು ಕಾಣೆಯಾದದ್ದನ್ನೂ ಬೇಗ ಅರಿಯುತ್ತಿದ್ದೆ. ಈ ಲೇಖನದ ಉದ್ದೇಶ ಅದೇ.

ರೋಗವಿಲ್ಲದಿರುವುದೇ ಆರೋಗ್ಯವೇ?

ವಿಶ್ವ ಆರೋಗ್ಯ ಸಂಸ್ಥೆಯ 1948ರ ಸಂವಿಧಾನವೇ ಈ ಪ್ರಶ್ನೆಗೆ ‘ಅಲ್ಲ’ ಎಂದು ಉತ್ತರಿಸಿದೆ. ದೈಹಿಕ, ಮಾನಸಿಕ ಮತ್ತು ಸಾಮಾಜಿಕ ಕ್ಷೇಮ ಮೂರೂ ಸೇರಿದ ಸ್ಥಿತಿಯನ್ನು ಅದು ಆರೋಗ್ಯವೆಂದು ಕರೆಯಿತು. 2004ರಲ್ಲಿ ಅದೇ ಸಂಸ್ಥೆ ಮಾನಸಿಕ ಆರೋಗ್ಯವನ್ನು ಇನ್ನಷ್ಟು ಬಿಡಿಸಿ ಹೇಳಿತು. ಅದರ ಸಾರಾಂಶವನ್ನು ನಾಲ್ಕು ಮಾತುಗಳಲ್ಲಿ ಕೊಡಬಹುದು: ತನ್ನ ಸಾಮರ್ಥ್ಯವನ್ನು ತಾನು ಅರಿತಿರುವುದು, ಬದುಕಿನ ಸಾಮಾನ್ಯ ಒತ್ತಡಗಳನ್ನು ನಿಭಾಯಿಸುವುದು, ಫಲಕಾರಿಯಾಗಿ ಕೆಲಸ ಮಾಡುವುದು, ತನ್ನ ಸಮುದಾಯಕ್ಕೆ ಏನಾದರೂ ಕೊಡುವುದು. ಇವುಗಳಲ್ಲಿ ‘ಸದಾ ಸಂತೋಷವಾಗಿರುವುದು’ ಎಂಬುದು ಇಲ್ಲವೆಂಬುದನ್ನು ಗಮನಿಸಬೇಕು.

ಮಾನಸಿಕ ಆರೋಗ್ಯವನ್ನು ರೋಗದ ಕಡೆಯಿಂದಲ್ಲದೆ ಆರೋಗ್ಯದ ಕಡೆಯಿಂದಲೇ ವಿವರಿಸಲು ಹೊರಟ ಮೊದಲಿಗರಲ್ಲಿ ಮರೀ ಯಹೋಡಾ ಒಬ್ಬರು. ಆಸ್ಟ್ರಿಯಾದಲ್ಲಿ ಹುಟ್ಟಿದ ಈ ಸಾಮಾಜಿಕ ಮನೋವಿಜ್ಞಾನಿ 1958ರ ತಮ್ಮ ಪುಸ್ತಕದಲ್ಲಿ ಆರು ಒರೆಗಲ್ಲುಗಳನ್ನು ಕೊಟ್ಟರು: ತನ್ನ ಬಗ್ಗೆ ಸರಿಯಾದ ಭಾವನೆ, ಬೆಳೆಯುವ ಹಂಬಲ, ವ್ಯಕ್ತಿತ್ವದ ಒಗ್ಗಟ್ಟು, ಸ್ವಂತ ನಿರ್ಧಾರದ ಶಕ್ತಿ, ವಾಸ್ತವವನ್ನು ಇದ್ದಂತೆ ಕಾಣುವುದು, ಪರಿಸರವನ್ನು ನಿಭಾಯಿಸುವುದು.

2002ರಲ್ಲಿ ಅಮೆರಿಕದ ಕೋರಿ ಕೀಸ್ ಇನ್ನೊಂದು ಹೆಜ್ಜೆ ಮುಂದಿಟ್ಟರು. ಅವರ ವಿಚಾರವನ್ನು ವಿಜ್ಞಾನದ ವಿದ್ಯಾರ್ಥಿಗಳು ಗ್ರಾಫ್ ಹಾಳೆಯ ಮೇಲೆ ಸುಲಭವಾಗಿ ಬರೆದುಕೊಳ್ಳಬಹುದು. ಅಡ್ಡ ಅಕ್ಷದ ಮೇಲೆ ಮಾನಸಿಕ ಕಾಯಿಲೆಯ ಪ್ರಮಾಣ, ಲಂಬ ಅಕ್ಷದ ಮೇಲೆ ಮಾನಸಿಕ ಕ್ಷೇಮದ ಪ್ರಮಾಣ. ಎರಡು ಅಕ್ಷಗಳೆಂದ ಮೇಲೆ ನಾಲ್ಕು ಚೌಕಗಳು. ಕಾಯಿಲೆಯಿಲ್ಲ, ಕ್ಷೇಮವೂ ಇದೆ ಎಂಬುದು ಒಂದು ಚೌಕ. ಕಾಯಿಲೆಯಿದೆ, ಕ್ಷೇಮವಿಲ್ಲ ಎಂಬುದು ಅದಕ್ಕೆ ಎದುರಿನದು. ನಾವು ಸಾಮಾನ್ಯವಾಗಿ ಮರೆಯುವುದು ಉಳಿದೆರಡನ್ನು. ಕಾಯಿಲೆಗೆ ನಿಯಮಿತವಾಗಿ ಔಷಧ ತೆಗೆದುಕೊಳ್ಳುತ್ತ, ದುಡಿಯುತ್ತ, ಮಕ್ಕಳೊಡನೆ ನಗುತ್ತ ಬಾಳುವವರು ಒಂದು ಚೌಕದಲ್ಲಿದ್ದಾರೆ. ಯಾವ ಕಾಯಿಲೆಯ ಹೆಸರೂ ಅಂಟದಿದ್ದರೂ ಒಳಗೊಳಗೇ ಬಾಡಿಹೋದವರು ಇನ್ನೊಂದು ಚೌಕದಲ್ಲಿದ್ದಾರೆ. ಹನ್ನೊಂದು ವಾರ ನಾನಿದ್ದದ್ದು ಈ ಕೊನೆಯ ಚೌಕದಲ್ಲಿ.

ಅಲುಗಾಡದಿರುವುದಲ್ಲ, ಮರಳಿ ಬರುವುದು

ಒಂದು ಲೋಲಕವನ್ನು ತೆಗೆದುಕೊಳ್ಳೋಣ. ಅದನ್ನು ಪಕ್ಕಕ್ಕೆ ಎಳೆದು ಬಿಟ್ಟರೆ ಅತ್ತಿತ್ತ ತೂಗಿ, ಗಾಳಿಯ ಮತ್ತು ತಿರುಗಣಿಯ ಘರ್ಷಣೆಯಿಂದ ನಿಧಾನವಾಗಿ ತನ್ನ ಮಧ್ಯದ ಸ್ಥಾನಕ್ಕೆ ಬಂದು ನಿಲ್ಲುತ್ತದೆ. ಇದನ್ನು ಅವಮಂದಿತ ಆಂದೋಲನ ಎನ್ನುತ್ತೇವೆ. ಮಧ್ಯದ ಸ್ಥಾನ ಸ್ಥಿರ ಸಮತೋಲದ್ದು. ಎಷ್ಟು ಸಲ ತಳ್ಳಿದರೂ ಗುಂಡು ಅಲ್ಲಿಗೇ ಮರಳುತ್ತದೆ. ಆರೋಗ್ಯವಂತ ಮನಸ್ಸನ್ನು ಗುರುತಿಸಬೇಕಾದದ್ದೂ ಹೀಗೆಯೇ. ಪರೀಕ್ಷೆಯಲ್ಲಿ ಅಂಕ ಕಡಿಮೆ ಬಂದರೆ ಬೇಸರವಾಗಬೇಕು, ಆಪ್ತರು ಹೋದರೆ ದುಃಖವಾಗಬೇಕು, ಅವಮಾನವಾದರೆ ಸಿಟ್ಟು ಬರಬೇಕು. ನೋಡಬೇಕಾದದ್ದು ತೂಗಾಟ ಇದೆಯೇ ಎಂಬುದನ್ನಲ್ಲ, ದಿನಗಳು ಕಳೆದಂತೆ ಅದು ಕಿರಿದಾಗುತ್ತಿದೆಯೇ ಎಂಬುದನ್ನು.

ಎಂದೂ ಅಲುಗದ ಲೋಲಕವನ್ನು ಹುಡುಕಿ ಹೊರಟರೆ ಸಿಗುವುದು ತಿರುಗಣಿಗೆ ತುಕ್ಕು ಹಿಡಿದ ಲೋಲಕ. ಯಾವುದಕ್ಕೂ ದುಃಖವಾಗದ, ಯಾವುದಕ್ಕೂ ಸಂತೋಷವಾಗದ ಮರಗಟ್ಟಿದ ಸ್ಥಿತಿ ಧೈರ್ಯದ ಲಕ್ಷಣವೆಂದು ನಮ್ಮಲ್ಲಿ ಹಲವರು ತಪ್ಪಾಗಿ ತಿಳಿಯುತ್ತಾರೆ, ವಿಶೇಷವಾಗಿ ಗಂಡಸರ ವಿಷಯದಲ್ಲಿ.

ರೋಣ ಮತ್ತು ನರಗುಂದದ ಎರೆ ಹೊಲಗಳನ್ನು ಬಲ್ಲವರಿಗೆ ಇನ್ನೊಂದು ಉದಾಹರಣೆ ಕಣ್ಣ ಮುಂದೆಯೇ ಇದೆ. ಬೇಸಿಗೆಯಲ್ಲಿ ಈ ಕಪ್ಪು ಮಣ್ಣು ಕೈ ಇಳಿಯುವಷ್ಟು ಅಗಲವಾಗಿ ಬಿರುಕು ಬಿಡುತ್ತದೆ. ಹೊಸಬರು ನೋಡಿದರೆ ಭೂಮಿ ಹಾಳಾಯಿತೆಂದುಕೊಳ್ಳಬಹುದು. ಆದರೆ ಮಣ್ಣಿನಲ್ಲಿರುವ ಮಾಂಟ್‌ಮೊರಿಲೋನೈಟ್ ಜಾತಿಯ ಜೇಡಿಯ ಗುಣವೇ ಅಂಥದು: ನೀರು ಹೋದರೆ ಕುಗ್ಗುತ್ತದೆ, ನೀರು ಬಂದರೆ ಪದರಗಳ ನಡುವೆ ಹೀರಿಕೊಂಡು ಹಿಗ್ಗುತ್ತದೆ. ಮೇಲಿನ ಮಣ್ಣು ಬಿರುಕಿನೊಳಗೆ ಉದುರಿ, ಮಳೆ ಬಿದ್ದಾಗ ಬಿರುಕು ಮುಚ್ಚಿ, ನೆಲ ತನ್ನನ್ನು ತಾನೇ ಉತ್ತುಕೊಂಡಂತಾಗುತ್ತದೆ. ಹಿಂಗಾರಿಯ ಬಿಳಿಜೋಳ ಮತ್ತು ಕಡಲೆ ಬೆಳೆಯುವುದು ಇದೇ ನೆಲದಲ್ಲಿ. ಬಿರುಕು ಬಿಟ್ಟದ್ದು ದೋಷವಲ್ಲ; ಮಳೆ ಬಂದ ಮೇಲೂ ಮುಚ್ಚದಿದ್ದರೆ ಆಗ ಪರೀಕ್ಷಿಸಬೇಕು.

2019ರ ಆಗಸ್ಟ್‌ನಲ್ಲಿ ಮಲಪ್ರಭೆ ಉಕ್ಕಿ ನರಗುಂದ ತಾಲ್ಲೂಕಿನ ಲಖಮಾಪುರ, ಕೊಣ್ಣೂರು ಮೊದಲಾದ ಊರುಗಳಿಗೆ ನೀರು ನುಗ್ಗಿತು. ಅಂಥ ವಿಪತ್ತಿನ ನಂತರ ನಿದ್ರೆ ಬಾರದಿರುವುದು, ಮಳೆಯ ಸದ್ದಿಗೆ ಬೆಚ್ಚುವುದು, ಸುಮ್ಮನೆ ಕಣ್ಣು ತುಂಬಿಬರುವುದು ಸಹಜವಾದ ಪ್ರತಿಕ್ರಿಯೆಗಳೇ. ವಿಪತ್ತುಗಳ ಬಗ್ಗೆ ನಡೆದ ಅಧ್ಯಯನಗಳ ಒಟ್ಟು ಅನುಭವವೆಂದರೆ, ಬಹುಪಾಲು ಜನ ವಾರಗಳಲ್ಲಿ, ಕೆಲವು ತಿಂಗಳುಗಳಲ್ಲಿ ಚೇತರಿಸಿಕೊಳ್ಳುತ್ತಾರೆ. ಒಂದಿಷ್ಟು ಜನಕ್ಕೆ ಮಾತ್ರ ಅದು ಉಳಿದುಬಿಡುತ್ತದೆ, ಅವರಿಗೆ ಚಿಕಿತ್ಸೆ ಬೇಕಾಗುತ್ತದೆ. ಮೊದಲ ವಾರದಲ್ಲಿ ಈ ಎರಡು ಗುಂಪುಗಳನ್ನು ಬೇರೆ ಮಾಡುವುದು ಕಷ್ಟ. ಕಾಲದ ಅಕ್ಷದ ಮೇಲೆ ಇಟ್ಟು ನೋಡಿದಾಗಲೇ ವ್ಯತ್ಯಾಸ ಕಾಣುವುದು.

ಆರೋಗ್ಯದ ಲಕ್ಷಣಗಳು

ಮೇಲಿನ ವಿವೇಚನೆಯ ಬೆಳಕಿನಲ್ಲಿ, ನಮ್ಮಲ್ಲಿ ನಾವೇ ನೋಡಿಕೊಳ್ಳಬಹುದಾದ ಲಕ್ಷಣಗಳನ್ನು ಹೀಗೆ ಪಟ್ಟಿ ಮಾಡಬಹುದು.

1. ಭಾವನೆಗೂ ಕಾರಣಕ್ಕೂ ಹೊಂದಾಣಿಕೆ ಇರುತ್ತದೆ. ಸಣ್ಣ ಕಾರಣಕ್ಕೆ ಸಣ್ಣ ಬೇಸರ, ದೊಡ್ಡ ಕಾರಣಕ್ಕೆ ದೊಡ್ಡ ದುಃಖ. ಸಿಟ್ಟು ಕೂಡ ಅನಾರೋಗ್ಯವಲ್ಲ. 1980ರ ಜುಲೈನಲ್ಲಿ ಮಲಪ್ರಭಾ ಅಚ್ಚುಕಟ್ಟಿನ ಕರದ ಪ್ರಶ್ನೆಯಲ್ಲಿ ನರಗುಂದದ ರೈತರಿಗೆ ಬಂದ ಸಿಟ್ಟಿಗೆ ಕಾರಣವಿತ್ತು. ಕಾರಣದ ಸಿಟ್ಟು ಕಾರಣದವರ ಕಡೆಗೆ ಹೋಗದೆ ಮನೆಯ ಮಕ್ಕಳ ಮೇಲೆ, ಎತ್ತುಗಳ ಮೇಲೆ ಇಳಿಯತೊಡಗಿದರೆ ಮಾತ್ರ ಯೋಚಿಸಬೇಕು.

2. ಇಷ್ಟದ ಕೆಲಸ ಇಷ್ಟವಾಗಿಯೇ ಉಳಿದಿರುತ್ತದೆ. ಭಜನೆಯಿರಲಿ, ಕ್ರಿಕೆಟ್ ಇರಲಿ, ಸಂಜೆ ಗಜೇಂದ್ರಗಡದ ಗುಡ್ಡದ ಕಡೆಗೆ ನಡೆದು ಬರುವುದಿರಲಿ, ಅದಕ್ಕೆ ಮನಸ್ಸು ತಾನಾಗಿ ಹೋಗುತ್ತದೆ.

3. ನಿದ್ರೆ ಮತ್ತು ಹಸಿವು ತಮ್ಮ ಲಯದಲ್ಲಿರುತ್ತವೆ. ವಯಸ್ಕರಿಗೆ ಸಾಮಾನ್ಯವಾಗಿ ಏಳರಿಂದ ಒಂಬತ್ತು ಗಂಟೆಯ ನಿದ್ರೆ ಬೇಕು. ಎದ್ದಾಗ ದಣಿವು ಆರಿರುತ್ತದೆ.

4. ದಿನದ ಕೆಲಸ ಸಾಗುತ್ತದೆ. ಎಲ್ಲವೂ ಅಲ್ಲ, ಅಚ್ಚುಕಟ್ಟಾಗಿಯೇ ಅಲ್ಲ. ಆದರೆ ಹಿಡಿದದ್ದು ಮುಗಿಯುತ್ತದೆ.

5. ತಪ್ಪನ್ನು ತಪ್ಪೆಂದು ಒಪ್ಪಿಕೊಳ್ಳುವ ಶಕ್ತಿ ಇರುತ್ತದೆ. “ಈ ಲೆಕ್ಕ ತಪ್ಪಿತು” ಎನ್ನುವ ವಿದ್ಯಾರ್ಥಿ ಆರೋಗ್ಯವಂತ. “ನಾನೇ ದಂಡ” ಎನ್ನುವವನು ಒಂದು ಲೆಕ್ಕದಿಂದ ಇಡೀ ಬದುಕಿನ ಉತ್ತರ ಬರೆದುಬಿಟ್ಟಿದ್ದಾನೆ.

6. ನಾಲ್ಕು ಜನರ ನಡುವೆ ಇರಬಲ್ಲರು, ಒಬ್ಬರೇ ಕೂಡ ಇರಬಲ್ಲರು. ಶೀಗಿ ಹುಣ್ಣಿಮೆಯಂದು ಚರಗ ಚೆಲ್ಲಲು ಎಲ್ಲರೊಡನೆ ಹೊಲಕ್ಕೆ ಹೋಗಿ, ಕೂಡಿ ಉಣ್ಣುವುದು ಭಾರವೆನಿಸುವುದಿಲ್ಲ.

7. ಇನ್ನೊಬ್ಬರ ಕಷ್ಟ ಕಣ್ಣಿಗೆ ಬೀಳುತ್ತದೆ. ಮನಸ್ಸು ತನ್ನ ನೋವಿನಲ್ಲೇ ಮುಳುಗಿದಾಗ ಮೊದಲು ಮಸುಕಾಗುವುದು ಪಕ್ಕದವರ ಮುಖ.

8. ನಾಳೆಯ ಬಗ್ಗೆ ಏನಾದರೊಂದು ಯೋಚನೆ ಇರುತ್ತದೆ. ಅದು ದೊಡ್ಡ ಗುರಿಯೇ ಆಗಬೇಕಿಲ್ಲ. ಬರುವ ವಾರ ಹೆಸರಿನ ಬೀಜ ತರಬೇಕು ಎಂಬುದೂ ಸಾಕು.

9. ತನ್ನ ಮಿತಿ ತಿಳಿದಿರುತ್ತದೆ, ನೆರವು ಕೇಳಲು ನಾಚಿಕೆಯಿರುವುದಿಲ್ಲ. ಗಜೇಂದ್ರಗಡದ ಸುತ್ತಲಿನ ಗುಡ್ಡಗಳ ಮೇಲೆ ನಿಂತಿರುವ ಗಾಳಿಯಂತ್ರಗಳನ್ನು ನೋಡಿದ್ದೀರಿ. ಗಾಳಿಯ ವೇಗ ಒಂದು ಮಿತಿಯನ್ನು ದಾಟಿದರೆ, ಸಾಮಾನ್ಯವಾಗಿ ಸೆಕೆಂಡಿಗೆ 25 ಮೀಟರಿನ ಸುಮಾರಿಗೆ, ಅಂಥ ಯಂತ್ರಗಳು ರೆಕ್ಕೆಗಳ ಕೋನ ತಿರುಗಿಸಿಕೊಂಡು ನಿಂತುಬಿಡುತ್ತವೆ. ಗಾಳಿ ಇಳಿದ ಮೇಲೆ ಮತ್ತೆ ತಿರುಗುತ್ತವೆ. ನಿಂತದ್ದಕ್ಕೆ ಯಾರೂ ಯಂತ್ರವನ್ನು ದುರ್ಬಲವೆನ್ನುವುದಿಲ್ಲ.

ಈ ಒಂಬತ್ತೂ ಎಲ್ಲ ದಿನವೂ ಯಾರಲ್ಲೂ ಇರುವುದಿಲ್ಲ. ಹೆಚ್ಚಿನವು ಹೆಚ್ಚಿನ ದಿನ ಇವೆಯೇ, ಹೋದವು ಮರಳಿ ಬರುತ್ತಿವೆಯೇ ಎಂಬುದಷ್ಟೇ ಪ್ರಶ್ನೆ.

ಅಳೆಯುವವನೂ ಅವನೇ, ಅಳೆಯಲ್ಪಡುವವನೂ ಅವನೇ

ಇಲ್ಲಿ ಒಂದು ತೊಡಕಿದೆ. ಪ್ರಯೋಗಾಲಯದಲ್ಲಿ ತಂತಿಯ ದಪ್ಪವನ್ನು ಸ್ಕ್ರೂಗೇಜಿನಿಂದ ಅಳೆಯುವಾಗ ತಂತಿ ಬೇರೆ, ಉಪಕರಣ ಬೇರೆ. ಮನಸ್ಸನ್ನು ನಾವೇ ಪರೀಕ್ಷಿಸಿಕೊಳ್ಳುವಾಗ ಎರಡೂ ಒಂದೇ. ಖಿನ್ನತೆಗೆ ಒಳಗಾದ ಮನಸ್ಸು ಹಳೆಯ ಕಹಿ ನೆನಪುಗಳನ್ನೇ ಸುಲಭವಾಗಿ ಎತ್ತಿಕೊಡುತ್ತದೆ; ಹೀಗಾಗಿ ‘ನಾನು ಯಾವಾಗಲೂ ಹೀಗೆಯೇ ಇದ್ದೆ’ ಎಂಬ ತಪ್ಪು ವಾಚನ ಸಿಗುತ್ತದೆ. ಉಪಕರಣವೇ ಬಾಗಿರುವಾಗ ಅದರ ಮುಳ್ಳನ್ನು ನಂಬುವುದು ಹೇಗೆ?

ಇದಕ್ಕೆ ಪರಿಹಾರ, ಭಾವನೆಯನ್ನಷ್ಟೇ ಕೇಳದೆ ಎಣಿಸಬಹುದಾದ ಗುರುತುಗಳನ್ನು ನೋಡುವುದು. ಈ ದಾರಿಯ ಅತ್ಯುತ್ತಮ ಉದಾಹರಣೆಯನ್ನು ಕೊಟ್ಟವರಲ್ಲಿ ಮೇಲೆ ಹೇಳಿದ ಯಹೋಡಾ ಅವರೇ ಇದ್ದಾರೆ. ಆಸ್ಟ್ರಿಯಾದ ಮರಿಯೆಂಟಾಲ್ ಎಂಬ ಊರು ಒಂದೇ ಬಟ್ಟೆ ಗಿರಣಿಯನ್ನು ನಂಬಿಕೊಂಡಿತ್ತು. 1930ರ ಸುಮಾರಿಗೆ ಗಿರಣಿ ಮುಚ್ಚಿ ಊರಿಗೆ ಊರೇ ಕೆಲಸ ಕಳೆದುಕೊಂಡಿತು. ಯಹೋಡಾ, ಲಾಜರ್ಸ್‌ಫೆಲ್ಡ್ ಮತ್ತು ಜೈಸೆಲ್ ಅಲ್ಲಿ ಅಧ್ಯಯನ ನಡೆಸಿ 1933ರಲ್ಲಿ ಪ್ರಕಟಿಸಿದರು. ಅವರು ಜನರನ್ನು ‘ನಿಮ್ಮ ಮನಸ್ಸು ಹೇಗಿದೆ’ ಎಂದು ಕೇಳಿ ಸುಮ್ಮನಾಗಲಿಲ್ಲ. ಊರ ಗ್ರಂಥಾಲಯದ ಲೆಕ್ಕ ತೆಗೆದು ನೋಡಿದರು. ಪುಸ್ತಕ ಓದಲು ಈಗ ಬೇಕಾದಷ್ಟು ಬಿಡುವಿತ್ತು, ಶುಲ್ಕವನ್ನೂ ತೆಗೆದುಹಾಕಲಾಗಿತ್ತು. ಆದರೂ ಎರವಲು ಪಡೆದ ಪುಸ್ತಕಗಳ ಸಂಖ್ಯೆ ಎರಡೇ ವರ್ಷಗಳಲ್ಲಿ ಸುಮಾರು ಅರ್ಧಕ್ಕೆ ಇಳಿದಿತ್ತು. ಗಡಿಯಾರ ಹಿಡಿದು ಬೀದಿಯಲ್ಲಿ ಜನ ನಡೆಯುವ ವೇಗವನ್ನೂ ಅಳೆದರು. ಗಂಡಸರು ಹೆಂಗಸರಿಗಿಂತ ನಿಧಾನವಾಗಿ ನಡೆಯುತ್ತಿದ್ದರು, ದಾರಿಯಲ್ಲಿ ಮತ್ತೆ ಮತ್ತೆ ನಿಲ್ಲುತ್ತಿದ್ದರು. ಹೆಂಗಸರಿಗೆ ಮನೆಗೆಲಸ ಉಳಿದಿತ್ತು. ಗಂಡಸರ ದಿನಕ್ಕೆ ಆಕಾರವೇ ಉಳಿದಿರಲಿಲ್ಲ. ವೇಗ ಎಂದರೆ ಕಾಲಕ್ಕೆ ದೂರದ ನಿಷ್ಪತ್ತಿ ಎಂದು ಒಂಬತ್ತನೆಯ ತರಗತಿಯಲ್ಲಿ ಕಲಿಸುತ್ತೇವೆ. ಅದೇ ಸರಳ ಅಳತೆ ಒಂದು ಊರಿನ ಮನಸ್ಸನ್ನು ತೋರಿಸಿತು. ಮಗ್ಗಗಳ ಊರಾದ ಗಜೇಂದ್ರಗಡದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮಗ್ಗ ನಿಂತರೆ ಕೂಲಿಯೊಡನೆ ದಿನದ ಲಯವೂ ನಿಲ್ಲುತ್ತದೆ.

ನಿಮ್ಮ ಬದುಕಿನಲ್ಲಿ ಎಣಿಸಬಹುದಾದದ್ದು ಏನಿದೆ? ರಾತ್ರಿ ಮಲಗಿದ ಮತ್ತು ಎದ್ದ ಹೊತ್ತು, ವಾರದಲ್ಲಿ ಬಿಟ್ಟ ಊಟ, ಓದಿದ ಪುಟ, ಗೆಳೆಯರ ಕರೆಗೆ ತಿರುಗಿ ಮಾಡಿದ ಫೋನು, ತಿದ್ದದೆ ಉಳಿದ ಉತ್ತರ ಪತ್ರಿಕೆಗಳು, ಮನೆಯ ಹೊರಗೆ ನಡೆದ ದಿನಗಳು. ಇವುಗಳಲ್ಲಿ ಮೂರನ್ನು ಆರಿಸಿ ಒಂದು ನೋಟುಬುಕ್ಕಿನಲ್ಲಿ ದಿನಕ್ಕೆ ಒಂದು ಸಾಲು ಬರೆದರೆ ಸಾಕು. ಆದರೆ ಈ ಕೆಲಸವನ್ನು ಮನಸ್ಸು ಚೆನ್ನಾಗಿರುವಾಗಲೇ ಆರಂಭಿಸಬೇಕು. ವರ್ನಿಯರ್ ಕ್ಯಾಲಿಪರ್ಸ್ ಹಿಡಿದಾಗ ಮೊದಲು ಶೂನ್ಯದೋಷ ನೋಡಿಕೊಳ್ಳುವುದಿಲ್ಲವೇ? ಹಾಗೆಯೇ ನಮ್ಮ ಸಹಜ ಸ್ಥಿತಿಯ ಅಂಕೆಗಳು ಗೊತ್ತಿದ್ದರೆ ಮಾತ್ರ ಬದಲಾವಣೆ ತಿಳಿಯುತ್ತದೆ. ಒಬ್ಬರು ಸ್ವಭಾವತಃ ಮಿತಭಾಷಿ, ಇನ್ನೊಬ್ಬರು ವಾಚಾಳಿ. ಮಿತಭಾಷಿಯ ಮೌನ ಏನನ್ನೂ ಹೇಳದು, ವಾಚಾಳಿಯ ಮೌನ ಬಹಳ ಹೇಳುತ್ತದೆ. ಹೋಲಿಕೆ ಇನ್ನೊಬ್ಬರೊಡನೆ ಅಲ್ಲ, ನಮ್ಮ ನಿನ್ನೆಯೊಡನೆ.

ಐದು ಪ್ರಶ್ನೆಗಳ ಅಳತೆಗೋಲು

ಇನ್ನಷ್ಟು ವ್ಯವಸ್ಥಿತವಾದ ಅಳತೆ ಬೇಕೆನ್ನುವವರಿಗೆ ವಿಶ್ವ ಆರೋಗ್ಯ ಸಂಸ್ಥೆಯ ಐದು ಅಂಶಗಳ ಕ್ಷೇಮ ಸೂಚಿ ಇದೆ. 1998ರಲ್ಲಿ ರೂಪುಗೊಂಡ ಇದು ಹಲವಾರು ಭಾಷೆಗಳಲ್ಲಿ ಬಳಕೆಯಲ್ಲಿದೆ. ಕಳೆದ ಎರಡು ವಾರಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಐದು ವಿಷಯಗಳಿಗೆ ಅಂಕ ಕೊಟ್ಟುಕೊಳ್ಳಬೇಕು: ಮನಸ್ಸಿನ ಉಲ್ಲಾಸ, ಮನಸ್ಸಿನ ನೆಮ್ಮದಿ, ಮೈಯ ಚಟುವಟಿಕೆ ಮತ್ತು ಹುರುಪು, ಎದ್ದಾಗಿನ ತಾಜಾತನ, ದಿನನಿತ್ಯದಲ್ಲಿ ಆಸಕ್ತಿ. ಪ್ರತಿಯೊಂದಕ್ಕೂ ‘ಒಮ್ಮೆಯೂ ಇಲ್ಲ’ ಎಂದಾದರೆ 0, ‘ಎಲ್ಲ ಹೊತ್ತೂ ಇತ್ತು’ ಎಂದಾದರೆ 5, ನಡುವೆ ಉಳಿದ ಅಂಕಗಳು. ಐದರ ಮೊತ್ತವನ್ನು 4ರಿಂದ ಗುಣಿಸಿದರೆ 100ಕ್ಕೆ ಎಷ್ಟೆಂದು ಸಿಗುತ್ತದೆ.

ಉದಾಹರಣೆಗೆ, ಒಬ್ಬ ವಿದ್ಯಾರ್ಥಿನಿ ತನಗೆ 3, 2, 3, 1, 2 ಎಂದು ಕೊಟ್ಟುಕೊಂಡಳೆನ್ನಿ. ಮೊತ್ತ 11, ಗುಣಲಬ್ಧ 44. ಸಾಮಾನ್ಯವಾಗಿ 50 ಅಥವಾ ಅದಕ್ಕಿಂತ ಕಡಿಮೆ ಬಂದರೆ ಕ್ಷೇಮ ಕುಗ್ಗಿದೆ, ಹೆಚ್ಚಿನ ವಿಚಾರಣೆ ಅಗತ್ಯ ಎಂದು ಭಾವಿಸುತ್ತಾರೆ. ಹಿಂದಿನ ಸಲಕ್ಕಿಂತ 10 ಅಂಕಗಳ ವ್ಯತ್ಯಾಸವಾದರೆ ಅದನ್ನು ಗಮನಾರ್ಹ ಬದಲಾವಣೆಯೆಂದು ಪರಿಗಣಿಸುತ್ತಾರೆ. ಇದು ರೋಗನಿರ್ಣಯವಲ್ಲ ಎಂಬುದು ಬಹಳ ಮುಖ್ಯ. ಥರ್ಮಾಮೀಟರ್ ಜ್ವರವಿದೆ ಎನ್ನುತ್ತದೆಯೇ ಹೊರತು ಅದು ಮಲೇರಿಯಾವೋ ಟೈಫಾಯಿಡೋ ಎಂದು ಹೇಳುವುದಿಲ್ಲ. 44 ಬಂದ ವಿದ್ಯಾರ್ಥಿನಿಗೆ ಪರೀಕ್ಷೆಯ ವಾರವಾಗಿದ್ದಿರಬಹುದು. ಎರಡು ವಾರ ಬಿಟ್ಟು ಮತ್ತೆ ಅಳೆಯಲಿ. ಆಗಲೂ ಅಷ್ಟೇ ಇದ್ದರೆ, ಅಥವಾ ಇನ್ನೂ ಇಳಿದಿದ್ದರೆ, ಬಲ್ಲವರೊಡನೆ ಮಾತಾಡಲಿ. ಮೊದಲ ಸಲವೇ ಅಂಕ ತೀರ ಕೆಳಗಿದ್ದರೆ ಕಾಯುವುದೂ ಬೇಡ.

ಇನ್ನೊಬ್ಬರ ಕಣ್ಣು

ಒಂದೇ ವಾಚನವನ್ನು ನಂಬಬಾರದು, ಇನ್ನೊಬ್ಬ ವೀಕ್ಷಕ ಬೇಕು ಎಂಬುದು ಪ್ರಯೋಗಶಾಸ್ತ್ರದ ಹಳೆಯ ಪಾಠ. ನರಗುಂದ ಪಟ್ಟಣದ ಹಳೆಯ ಓಣಿಗಳಲ್ಲಿ ಹಿಂದಿನವರು ಧಾನ್ಯ ಕಾಪಿಡಲು ನೆಲದೊಳಗೆ ತೋಡಿದ ಹಗೇವುಗಳಿವೆ. ಅವುಗಳ ಮೇಲೆ ಮನೆಗಳೆದ್ದವು, ಕೆಳಗಿನ ಪೊಳ್ಳು ಮರೆತುಹೋಯಿತು. ಈಚಿನ ವರ್ಷಗಳಲ್ಲಿ ತೇವ ಹೆಚ್ಚಾದಾಗ ಅಲ್ಲಲ್ಲಿ ನೆಲ ಕುಸಿದ ಪ್ರಸಂಗಗಳು ನಡೆದಿವೆ. ಮೇಲಿನಿಂದ ಸಾರಿಸಿದ ನೆಲ ಗಟ್ಟಿಯಾಗಿಯೇ ಕಾಣುತ್ತಿತ್ತು. ತರಗತಿಯಲ್ಲಿ ಎಲ್ಲರನ್ನೂ ನಗಿಸುವ ಹುಡುಗನ ಒಳಗೂ ಅಂಥ ಪೊಳ್ಳಿರಬಹುದು, ಅದು ಅವನಿಗೇ ತಿಳಿಯದಿರಬಹುದು.

ಆದ್ದರಿಂದ ಮನಸ್ಸು ಚೆನ್ನಾಗಿರುವ ದಿನಗಳಲ್ಲೇ ಒಬ್ಬರಿಗೆ ಹೇಳಿಡಿ: “ನಾನು ಬದಲಾದಂಗ ಕಂಡ್ರ ನನಗ ಹೇಳು.” ಹೆಂಡತಿಯೋ ಗಂಡನೋ, ಅಕ್ಕನೋ, ಗೆಳೆಯನೋ, ಜೊತೆಗೆ ಕೆಲಸ ಮಾಡುವವರೋ ಯಾರಾದರೂ ಸರಿ. ಅವರು ಹೇಳಿದಾಗ ವಾದಿಸದೆ ಕೇಳಿಸಿಕೊಳ್ಳುವುದೂ ಒಪ್ಪಂದದ ಭಾಗ. ನನ್ನ ವಿಷಯದಲ್ಲಿ ಆ ಕೆಲಸವನ್ನು ಹೇಳಿಡದೆಯೇ ಮಾಡಿದವರು ಪ್ರಯೋಗಾಲಯದ ಸಹಾಯಕರು. ಅವರ ಮಾತು ಕೇಳಿ ನಾನು ವೈದ್ಯರಲ್ಲಿಗೆ ಹೋದೆ. ಕೆಲವು ಸಲ ಕುಳಿತು ಮಾತಾಡಿದ್ದೇ ನನಗೆ ಸಾಕಾಯಿತು. ಎಲ್ಲರಿಗೂ ಅಷ್ಟೇ ಸಾಕಾಗಬೇಕೆಂದಿಲ್ಲ, ಔಷಧ ಬೇಕಾದವರಿಗೆ ಔಷಧವೇ ಬೇಕು. ಎರಡು ತಿಂಗಳ ನಂತರ ರಿಜಿಸ್ಟರಿನಲ್ಲಿ ನನ್ನ ಸಹಿ ಮತ್ತೆ ಕಾಣಿಸಿಕೊಂಡಿತು.

ಭಾರವನ್ನೂ ನೋಡಬೇಕು

ತಂತಿ ತುಂಡಾದಾಗ ತಂತಿಯನ್ನಷ್ಟೇ ದೂರುವವನು ಒಳ್ಳೆಯ ಪ್ರಯೋಗಕಾರನಲ್ಲ. ತೂಗುಹಾಕಿದ ಭಾರವೆಷ್ಟು ಎಂದೂ ಕೇಳಬೇಕು. ಮಳೆ ಕೈಕೊಟ್ಟು, ಬಿತ್ತಿದ ಹೆಸರು ಒಣಗಿ, ಸಾಲದ ಕಂತು ಬಂದಾಗ ರೋಣದ ರೈತನಿಗೆ ನಿದ್ರೆ ಬಾರದಿದ್ದರೆ ಅದು ಮನಸ್ಸಿನ ದೌರ್ಬಲ್ಯವಲ್ಲ, ಭಾರದ ಪ್ರಮಾಣ. ಅಂಥವರಿಗೆ ಧೈರ್ಯದ ಮಾತಿನೊಡನೆ ಭಾರ ಇಳಿಸುವ ನೆರವೂ ಬೇಕು: ಕಂತಿಗೆ ಅವಧಿ, ಬೆಳೆವಿಮೆಯ ಅರ್ಜಿ ತುಂಬಲು ಒಂದು ಕೈ. ಅಕ್ಷರ ಬಲ್ಲ ವಿದ್ಯಾರ್ಥಿಗಳು ಈ ಕೊನೆಯ ಕೆಲಸವನ್ನು ತಾವೇ ಮಾಡಬಹುದು.

ಇಲ್ಲಿ ಭೌತಶಾಸ್ತ್ರದ ಹೋಲಿಕೆಯ ಮಿತಿಯನ್ನೂ ಹೇಳಬೇಕು. ಸ್ಥಿತಿಸ್ಥಾಪಕ ಮಿತಿಯನ್ನು ದಾಟಿದ ತಂತಿ ತನ್ನಷ್ಟಕ್ಕೆ ಹಳೆಯ ಉದ್ದಕ್ಕೆ ಬರುವುದಿಲ್ಲ. ಮನಸ್ಸು ತಂತಿಯಲ್ಲ. ಮಿತಿ ದಾಟಿ ಬಾಗಿದ ಮನಸ್ಸುಗಳು ಚಿಕಿತ್ಸೆಯಿಂದ, ಜನರ ಆಸರೆಯಿಂದ ಮರಳಿ ಬರುತ್ತವೆ.

ಲಕ್ಷಣಗಳು ಕಾಣೆಯಾದರೆ

ಎರಡು ವಾರಕ್ಕೂ ಹೆಚ್ಚು ಕಾಲ ಬೇಸರ ಅಥವಾ ನಿರಾಸಕ್ತಿ ಬಿಡದೆ ಕಾಡಿದರೆ, ನಿದ್ರೆ ಮತ್ತು ಹಸಿವು ಕೆಟ್ಟರೆ, ದಿನದ ಕೆಲಸ ನಿಂತರೆ ವೈದ್ಯರನ್ನು ಕಾಣಬೇಕು. ಬದುಕು ಸಾಕೆನಿಸುವ ಯೋಚನೆ ಬಂದರೆ ಎರಡು ವಾರವಲ್ಲ, ಎರಡು ಗಂಟೆಯೂ ಕಾಯಬಾರದು. ಅವರನ್ನು ಒಬ್ಬರೇ ಬಿಡಬಾರದು.

ನೆರವಿಗೆ ಬಹಳ ದೂರ ಹೋಗಬೇಕಾಗಿಲ್ಲ. ಈ ವಿಷಯದಲ್ಲಿ ಕರ್ನಾಟಕ ದೇಶಕ್ಕೇ ದಾರಿ ತೋರಿದ ರಾಜ್ಯ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯವರು 1980ರ ದಶಕದಲ್ಲಿ ಬಳ್ಳಾರಿ ಜಿಲ್ಲೆಯ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೂ ಸಿಬ್ಬಂದಿಗೂ ತರಬೇತಿ ಕೊಟ್ಟು, ಮಾನಸಿಕ ಚಿಕಿತ್ಸೆಯನ್ನು ಹಳ್ಳಿಗೆ ತರಬಹುದೆಂದು ತೋರಿಸಿದರು. ಆ ‘ಬಳ್ಳಾರಿ ಮಾದರಿ’ಯೇ 1996ರಲ್ಲಿ ರಾಷ್ಟ್ರದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಬುನಾದಿಯಾಯಿತು. 2014ರಲ್ಲಿ ಆರಂಭವಾದ ‘ಮನೋಚೈತನ್ಯ’ ಕಾರ್ಯಕ್ರಮ ಮನೋವೈದ್ಯರ ಸೇವೆಯನ್ನು ತಾಲ್ಲೂಕು ಆಸ್ಪತ್ರೆಗಳಿಗೆ ತಂದಿತು. ಮನೋವೈದ್ಯರು ಯಾವ ದಿನ ಸಿಗುತ್ತಾರೆಂದು ನಿಮ್ಮ ತಾಲ್ಲೂಕಿನ ಸರ್ಕಾರಿ ಆಸ್ಪತ್ರೆಯಲ್ಲಿ ವಿಚಾರಿಸಿಟ್ಟುಕೊಳ್ಳಿ. ಗದಗಿನಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆಯಿದೆ. ಧಾರವಾಡದಲ್ಲಿ 1845ರಷ್ಟು ಹಿಂದೆ ಮೊದಲಾದ ಮಾನಸಿಕ ಆಸ್ಪತ್ರೆ ಇಂದು ಡಿಮ್ಹಾನ್ಸ್ ಎಂಬ ಸಂಸ್ಥೆಯಾಗಿ ಬೆಳೆದಿದೆ. ಮನೆಯಿಂದಲೇ ಮಾತಾಡಬೇಕೆಂದರೆ 2022ರ ಅಕ್ಟೋಬರ್ 10ರಂದು ಆರಂಭವಾದ ‘ಟೆಲಿ ಮಾನಸ್’ ಸಹಾಯವಾಣಿ ಇದೆ. 14416 ಸಂಖ್ಯೆಗೆ ಹಗಲು ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು.

ಇಷ್ಟಿದ್ದೂ ಹಿಂಜರಿಕೆ ಹೋಗಿಲ್ಲ. ನಿಮ್ಹಾನ್ಸ್ 2015–16ರಲ್ಲಿ 12 ರಾಜ್ಯಗಳಲ್ಲಿ ನಡೆಸಿದ ರಾಷ್ಟ್ರೀಯ ಸಮೀಕ್ಷೆಯಂತೆ ವಯಸ್ಕರಲ್ಲಿ ಶೇಕಡ 10.6ರಷ್ಟು ಮಂದಿ ಆಗ ಯಾವುದಾದರೊಂದು ಮಾನಸಿಕ ಕಾಯಿಲೆಯಿಂದ ಬಳಲುತ್ತಿದ್ದರು. ಕಾಯಿಲೆಗಳಿಗೆ ಅನುಗುಣವಾಗಿ ಶೇಕಡ 70ರಿಂದ 92ರಷ್ಟು ಜನ ಚಿಕಿತ್ಸೆಯಿಂದ ಹೊರಗುಳಿದಿದ್ದರು.

ತರಗತಿಯಲ್ಲಿ ಮಾಡಬಹುದಾದದ್ದು

ಶಿಕ್ಷಕರಿಗೆ ಒಂದು ಚಟುವಟಿಕೆ. ಅವಮಂದಿತ ಆಂದೋಲನದ ಪಾಠ ಮಾಡುವ ದಿನ ಲೋಲಕದ ವಿಸ್ತಾರ ಕಿರಿದಾಗುವ ಗ್ರಾಫನ್ನು ಮಕ್ಕಳಿಂದ ಬರೆಸಿ. ಅದರ ಕೆಳಗೆ ಪ್ರತಿಯೊಬ್ಬರೂ ತಮಗೆ ಈಚೆಗೆ ಆದ ಒಂದು ಬೇಸರದ ಗ್ರಾಫನ್ನು ಬರೆದುಕೊಳ್ಳಲಿ: ಎಷ್ಟು ದಿನ ಇತ್ತು, ಯಾವಾಗ ಇಳಿಯಿತು, ಯಾರ ಮಾತಿನಿಂದ, ಯಾವ ಕೆಲಸದಿಂದ ಇಳಿಯಿತು. ಹಾಳೆಯನ್ನು ಯಾರೂ ಕೇಳಿ ಪಡೆಯಬಾರದು, ಅಂಕ ಕೊಡಬಾರದು. ತಾನು ಹಿಂದೊಮ್ಮೆ ಮರಳಿ ಬಂದದ್ದನ್ನು ಕಣ್ಣಾರೆ ಕಂಡ ಹುಡುಗಿಗೆ ಮುಂದಿನ ಸಲ ಮರಳಬಹುದೆಂಬ ನಂಬಿಕೆ ಬರುತ್ತದೆ. ಗ್ರಾಫಿನ ಗೆರೆ ಇಳಿಯದೆಯೇ ಉಳಿದ ಮಗು ಯಾವುದಾದರೂ ಸಂಜೆ ನಿಮ್ಮ ಬಳಿ ಬಂದು ನಿಂತರೆ, ಆ ದಿನದ ಮನೆಗೆ ಹೋಗುವ ಬಸ್ಸು ತಪ್ಪಿದರೂ ಚಿಂತೆಯಿಲ್ಲ, ಕುಳಿತು ಕೇಳಿ.

ಮತ್ತು ನಾಳೆ ಬಸ್ ನಿಲ್ದಾಣದಲ್ಲಿ ಯಾರಾದರೂ “ಆರಾಮ ಅದೀರೇನ್ರಿ?” ಎಂದಾಗ, ಉತ್ತರಿಸುವ ಮೊದಲು ಒಂದು ಕ್ಷಣ ನಿಮ್ಮ ರಿಜಿಸ್ಟರ್ ತೆಗೆದು ನೋಡಿ. ನಿದ್ರೆ ಬಂತೇ, ಇಷ್ಟದ ಕೆಲಸ ಮಾಡಿದೆನೇ, ಹೋದ ವಾರದ ಬೇಸರ ಈ ವಾರ ಕಡಿಮೆಯಾಯಿತೇ? ಹೌದಾದರೆ “ಆರಾಮ” ಎಂದು ಧೈರ್ಯವಾಗಿ ಹೇಳಿ. ಅಲ್ಲವಾದರೆ, ಕೇಳಿದವರು ಆಪ್ತರಾಗಿದ್ದರೆ, “ಮನಸ್ಸಿಗೆ ಅಷ್ಟ ಆರಾಮಿಲ್ರಿ” ಎಂದುಬಿಡಿ. ಹಾಗೆ ಹೇಳಬಲ್ಲ ಶಕ್ತಿಯೂ ಒಳ್ಳೆಯ ಆರೋಗ್ಯದ ಒಂದು ಲಕ್ಷಣವೇ.